ಅಪ್ಪನ ಹೆಜ್ಜೆಯಲ್ಲಿ ಒಂದು ವರ್ಷ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬ ಅಳುಕಿನಿಂದಲೇ ಬರೆಯಲು ಕೂತಿದ್ದೇನೆ, ಬಲ್ಲವರು ಕ್ಷಮಿಸಬೇಕು. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ. ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ಬಿ.ಎಸ್ಸಿ. ದಾಟಿದವಳು. ವಂಶವಾಹಿಗಳ ವಿಚಾರವನ್ನು ವಿಜ್ಞಾನಿಗಳು ಬರೆಯಬೇಕೇ ಹೊರತು ಅವರ ಹಿಂದೆ ಅಳತೆ ಹಗ್ಗ ಹಿಡಿದು ಓಡಾಡಿದವಳಲ್ಲ. ಒಂದು ತಪ್ಪನ್ನಂತೂ ನಾನು ಮಾಡಿಯೇ ಇದ್ದೇನೆ. ಅದನ್ನು ಒಪ್ಪಿಕೊಳ್ಳದೆ ಬೇರೆ ಏನನ್ನು ಬರೆದರೂ ಮನಸ್ಸಿಗೆ ಸಮಾಧಾನವಿಲ್ಲ.

ನಮ್ಮ ಊರಿನ ಮಣ್ಣಿನಲ್ಲಿ ಮೂಡಿದ ಹೆಜ್ಜೆ ಅಳಿಯುವುದಿಲ್ಲ. ಮಳೆ ಬರಲಿ, ಗಾಳಿ ಬೀಸಲಿ, ಕಸಬರಿಗೆ ಆಡಿಸಲಿ, ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಚಪ್ಪಲಿ ಹಾಕಿಕೊಂಡು ನಡೆದರೂ ಬರಿಗಾಲಿನ ಗುರುತೇ ಮೂಡುತ್ತದೆ. ಇದ್ದ ಹೆಜ್ಜೆಯೊಳಗೇ ಕಾಲಿಟ್ಟರೆ ಮಾತ್ರ ಹೊಸದು ಮೂಡದು, ಹಳೆಯದೇ ಕೂದಲೆಳೆಯಷ್ಟು ಆಳವಾಗುತ್ತದೆ. ಅದಕ್ಕೇ ಪೇಟೆಗೆಲ್ಲ ಹಾಸುಗಲ್ಲು ಹಾಕಿದ್ದಾರೆ, ಓಣಿಗಳಲ್ಲಷ್ಟೇ ಮಣ್ಣು. ಹೊಸ ಸೊಸೆ ಬಂದ ದಿನ ಅತ್ತೆ ಮೊದಲು ತೋರಿಸುವುದು ಒಲೆಯನ್ನಲ್ಲ, ತಾನು ನೀರಿಗೆ ಹೋಗುವ ಹೆಜ್ಜೆಯ ಸಾಲನ್ನು. ಇದರೊಳಗೇ ಇಟ್ಟು ನಡಿ, ಓಣಿ ಹೊಲಸು ಮಾಡಬೇಡ ಎನ್ನುತ್ತಾಳೆ. ಯುಗಾದಿಯಂದು ಪ್ರತಿಯೊಬ್ಬರೂ ಸಾಲಿನಿಂದ ಹೊರಗೆ ಒಂದಿಷ್ಟು ದೂರ ಹೊಸದಾಗಿ ನಡೆದು, ಕೊನೆಯ ಹೆಜ್ಜೆಯ ಪಕ್ಕದಲ್ಲಿ ಸುಣ್ಣದ ಬೊಟ್ಟಿಡುವುದು ರೂಢಿ. ಬೊಟ್ಟಿನಿಂದ ಬೊಟ್ಟಿಗೆ ಒಂದು ವರ್ಷ. ಸಂಬಂಧ ನೋಡಲು ಬಂದ ಬೀಗರು ಉಪ್ಪಿಟ್ಟಿನ ತಟ್ಟೆ ಮುಟ್ಟುವ ಮೊದಲು ಓಣಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮೂರು ತಲೆಮಾರಿನ ಹೆಜ್ಜೆ ನೋಡುತ್ತಾರೆ. ಹಿರಿಯರಾದವರು ಎರಡು ಪಾದಗಳ ನಡುವಿನ ಅಂತರಕ್ಕೆ ಬೆರಳಿಟ್ಟು ಎಣಿಸುತ್ತಾರೆ. ನಾಲ್ಕು ಬೆರಳಿದ್ದರೆ ಮಾತು ಮುಂದುವರಿಯುತ್ತದೆ. ಎಂಟು, ಒಂಬತ್ತು ಎಂದಾದರೆ ಮನೆಯಲ್ಲಿ ಏನೋ ಕೆಲಸ ಮರೆತು ಬಂದದ್ದು ಅವರಿಗೆ ನೆನಪಾಗುತ್ತದೆ.

ಅವರು ಹುಡುಕುತ್ತಿದ್ದದ್ದು ಜೋಲಿ. ಊರಿನ ಕೆಲವು ಮನೆತನಗಳಲ್ಲಿ ಅದು ಇತ್ತು. ಗಿರಣಿ ಮನೆಯವರಲ್ಲಂತೂ ಎಲ್ಲರಿಗೂ ಗೊತ್ತಿದ್ದ ಹಾಗೆ ಇತ್ತು. ನಡುವಯಸ್ಸು ದಾಟಿದ ಮೇಲೆ ನಡೆಯುವಾಗ ಕಾಲು ಅಗಲವಾಗುತ್ತ ಬರುತ್ತದೆ, ಬಟ್ಟಲು ಹಿಡಿದ ಕೈ ತುಟಿಯ ಬದಲು ಗಲ್ಲಕ್ಕೆ ಹೋಗುತ್ತದೆ, ಮಾತು ತೊದಲುತ್ತದೆ, ಹತ್ತು ಹನ್ನೆರಡು ವರ್ಷಕ್ಕೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗೇ ಇದ್ದು ಎಲ್ಲವನ್ನೂ ನೋಡುತ್ತಿರುತ್ತದೆ.

ಹೇರೂರ ಡಾಕ್ಟರು ನಮ್ಮ ಊರಿಗೆ ಬಂದದ್ದು ಇದಕ್ಕಾಗಿ. ಅವರು ಔಷಧ ಕೊಡುವ ಡಾಕ್ಟರಲ್ಲ, ವಂಶದಲ್ಲಿ ಇಳಿದು ಬರುವ ನರರೋಗಗಳ ಮೂಲ ಹುಡುಕುವ ವಿಜ್ಞಾನಿ. ಐವತ್ತು ದಾಟಿದ ಹೆಂಗಸು. ಹತ್ತಿ ಸೀರೆ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಬೇರೆ ಊರುಗಳಲ್ಲಿ ಸತ್ತವರ ಕಾಯಿಲೆ ಯಾವಾಗ ಶುರುವಾಯಿತೆಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲವಂತೆ. ಇಲ್ಲಿ ಸತ್ತವರು ನಡೆದದ್ದು ವರ್ಷವಾರು ಹಾಗೇ ಇದೆ ಎಂದು ಕೇಳಿ ಬಂದಿದ್ದರು. ಮೊದಲ ದಿನ ಊರಬಾಗಿಲಾದ ಅಗಸಿಯೊಳಗೆ ಕಾಲಿಟ್ಟು ತಮ್ಮ ಹೆಜ್ಜೆಯನ್ನೇ ತಿರುಗಿ ನೋಡಿ ಬಹಳ ಹೊತ್ತು ನಿಂತಿದ್ದರು. ಅಳತೆ ಮಾಡಿ ಬರೆಯಲು ಒಬ್ಬರು ಬೇಕೆಂದಾಗ, ವಿಜ್ಞಾನ ಓದಿದ ಹೆಂಗಸು ಓಣಿಯಲ್ಲಿ ಖಾಲಿ ಇರುವವಳು ನಾನೊಬ್ಬಳೇ ಎಂದು ಊರವರು ನನ್ನನ್ನು ಕಳಿಸಿದರು.

ಅವರು ನನಗೆ ತಿಳಿಸಿ ಹೇಳಿದ್ದನ್ನು ನಾನು ತಿಳಿದಷ್ಟು ಹೇಳುತ್ತೇನೆ. ನಮ್ಮ ಒಂದು ವಂಶವಾಹಿಯಲ್ಲಿ ಮೂರಕ್ಷರದ ಒಂದು ಗುಂಪು ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಎಲ್ಲರಲ್ಲೂ ಬರುತ್ತದೆ. ಒಂದು ಮಿತಿಯೊಳಗಿದ್ದರೆ ತೊಂದರೆಯಿಲ್ಲ. ಮಿತಿ ದಾಟಿದರೆ ಮೆದುಳಿನಲ್ಲಿ ನಡಿಗೆಯ ತೂಕ ಕಾಯುವ ಭಾಗದ ಜೀವಕೋಶಗಳು ನಿಧಾನವಾಗಿ ಸಾಯತೊಡಗುತ್ತವೆ. ಕಾಪಿ ಬರೆಯುವ ಮಗು ಒಂದೇ ಶಬ್ದವನ್ನು ಸಾಲುದ್ದಕ್ಕೂ ಬರೆಯುತ್ತ, ಎಷ್ಟಾಯಿತೆಂದು ಮರೆತು ಒಂದೆರಡು ಹೆಚ್ಚು ಬರೆದುಬಿಡುತ್ತದಲ್ಲ, ಹಾಗೆ ಅಪ್ಪನಿಂದ ಮಗುವಿಗೆ ಇಳಿಯುವಾಗ ಈ ಗುಂಪು ಬೆಳೆಯುವುದುಂಟು. ಹೆಚ್ಚು ಬೆಳೆದಷ್ಟೂ ಕಾಯಿಲೆ ಬೇಗ ಬರುತ್ತದೆ. ಕಾಯಿಲೆಯವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ತಲೆಮಾರಿನಿಂದ ತಲೆಮಾರಿಗೆ ಎಷ್ಟು ಬೇಗ ಬರುತ್ತಿದೆ, ಮತ್ತು ಕೆಲವರಲ್ಲಿ ಅದನ್ನು ತಡೆದು ಹಿಡಿಯುವ ಇನ್ನೇನಾದರೂ ರಕ್ತದಲ್ಲಿದೆಯೇ ಎಂಬುದು ಡಾಕ್ಟರ ಪ್ರಶ್ನೆ.

ಗಿರಣಿ ಮನೆಯ ರಾಚಪ್ಪನ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಅವನೂ ನಾನೂ ಸಂಜೆ ಕಾಲೇಜಿನಲ್ಲಿ ಒಂದೇ ತರಗತಿ. ಹಗಲೆಲ್ಲ ಗಿರಣಿಯಲ್ಲಿ ಜೋಳ ಬೀಸಿ, ಹುಬ್ಬಿನ ಮೇಲೆ ಹಿಟ್ಟು ಹೊತ್ತುಕೊಂಡೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಮೂರು ವರ್ಷ ಕಾಲೇಜಿನಿಂದ ಮನೆಯವರೆಗೆ ಜೊತೆಯಲ್ಲಿ ನಡೆದೆವು. ಆ ಸಾಲುಗಳು ಈಗಲೂ ಇವೆ, ಒಂದರ ಪಕ್ಕ ಒಂದು, ಯಾರು ಬೇಕಾದರೂ ನೋಡಬಹುದು. ಓಣಿ ಒಡೆಯುವ ಮೂಲೆಯಲ್ಲಿ ಅವು ಎದುರುಬದುರಾಗಿ ನಿಂತಿವೆ. ಅವನ ಅಕ್ಕ ಕಾಶವ್ವ ಒಮ್ಮೆ ನನ್ನನ್ನು ಅಲ್ಲಿಯೇ ತಡೆದಿದ್ದಳು.

"ಏನ್ ನೀಲವ್ವ, ಇಲ್ಲಿ ನೆಲಾನ ಗೇಣು ಕುಸದೈತಿ. ಅಂಥಾದ್ದೇನು ಮಾತಾಡ್ತಿದ್ರಿ ಇಬ್ರೂ?"

"ಗಣಿತ ಹೇಳಿಸ್ಕೊತಿದ್ದೆ, ಅಕ್ಕಾ."

"ಹೌದವಾ. ಒಂದರ ಜೋಡಿ ಒಂದು ಕೂಡ್ಸೂದು ಭಾಳ ಕಠಿಣ ಲೆಕ್ಕ."

ಆ ಲೆಕ್ಕ ಕೂಡಲಿಲ್ಲ. ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಅವರಪ್ಪ ದುಂಡಪ್ಪನಿಗೆ ಜೋಲಿ ಬಂದದ್ದು ಓಣಿಗೆಲ್ಲ ಕಾಣಿಸಿತು. ರಾಚಪ್ಪ ಆ ಮೂಲೆಯಲ್ಲೇ ನಿಂತು, ನನಗದು ಇಳಿದಿದೆಯೋ ಇಲ್ಲವೋ ಗೊತ್ತಾಗುವವರೆಗೆ ನಿನ್ನನ್ನು ಏನೂ ಕೇಳುವುದಿಲ್ಲ ಎಂದ. ಗೊತ್ತಾಗುವುದು ಹೇಗೆಂದು ನಾನು ಕೇಳಲಿಲ್ಲ. ಕಾಯುತ್ತೇನೆ ಎಂದೂ ಹೇಳಲಿಲ್ಲ. ಸುಮ್ಮನೆ ಕಾದೆ. ಹನ್ನೆರಡು ವರ್ಷ. ನನ್ನನ್ನು ನೋಡಲು ಬಂದ ಮೂರು ಕಡೆಯವರಿಗೆ ನನ್ನ ಹೆಜ್ಜೆಯಲ್ಲಿ ದೋಷ ಕಾಣಲಿಲ್ಲ, ಅದರ ಪಕ್ಕದ ಹೆಜ್ಜೆ ಮಾತ್ರ ಕಂಡಿತು. ನಾನೂ ಅದನ್ನು ಮುಚ್ಚುವ ಪ್ರಯತ್ನ ಮಾಡಲಿಲ್ಲ. ಗಿರಣಿಗೆ ಹೋಗಿ ಜೋಳದ ಡಬ್ಬಿ ಇಟ್ಟರೆ ಅವನು ಹಿಟ್ಟು ಮುಟ್ಟಿ ನೋಡಿ, ಸಣ್ಣಗಾಯಿತೇ ಎಂದು ಕೇಳುತ್ತಿದ್ದ. ಹೂಂ ಎನ್ನುತ್ತಿದ್ದೆ. ವಾರಕ್ಕೆ ಅಷ್ಟು ಮಾತು. ಮೂರು ದಿನಕ್ಕೆ ಸಾಲುವಷ್ಟೇ ಜೋಳ ಒಯ್ದು ವಾರದಲ್ಲಿ ಎರಡು ಸಲ ಹೋಗುವ ಉಪಾಯವನ್ನೂ ಮಾಡುತ್ತಿದ್ದೆ.

ಆರು ವರ್ಷದ ಹಿಂದೆ ದುಂಡಪ್ಪ ತೀರಿಕೊಂಡರು. ಡಾಕ್ಟರು ಬಂದದ್ದು ಅದಾದ ಮೂರು ವರ್ಷಕ್ಕೆ. ಅವರ ಬಳಿ ರಕ್ತ ನೋಡಿ ಹೇಳುವ ಪರೀಕ್ಷೆಯಿದೆ ಎಂದು ಕೇಳಿದ ದಿನ ರಾಚಪ್ಪನೇ ಬಂದು ತೋಳು ಚಾಚಿದ. ಫಲಿತಾಂಶ ಬೇಕೆಂದರೆ ಖುದ್ದು ಬಂದು ಕೇಳಬೇಕು, ಕೇಳದಿದ್ದರೆ ಹೇಳುವುದಿಲ್ಲ, ಎರಡೂ ನಿಮ್ಮ ಹಕ್ಕು ಎಂದು ಡಾಕ್ಟರು ಅವನಿಗೆ ಮೂರು ಸಲ ವಿವರಿಸಿದರು. ಅವನು ತಲೆಯಾಡಿಸಿ ಹೋದ. ಎರಡು ತಿಂಗಳಿಗೆ ಫಲಿತಾಂಶ ಬಂತು. ಅವನು ಬರಲಿಲ್ಲ. ಅವನು ಬಾರದ ಒಂದೊಂದು ದಿನವೂ ನಾನು ಡಾಕ್ಟರ ಮುಖ ನೋಡುತ್ತಿದ್ದೆ. ಅವರು ನನ್ನೊಡನೆ ಮಾತಾಡುವಾಗ ಗೋಡೆ ನೋಡಲು ಕಲಿತರು.

ಈ ನಡುವೆ ನಾನು ಗಿರಣಿ ಮನೆಯ ಹೆಜ್ಜೆಗಳನ್ನು ಅಳೆಯಬೇಕಾಗಿ ಬಂತು. ಬೇರೆಯವರಿಗೆ ಬಿಡಬಹುದಿತ್ತು, ನಾನೇ ಸರಿಯಾಗಿ ಅಳೆಯುತ್ತೇನೆಂಬ ಹಮ್ಮಿತ್ತು. ಅಜ್ಜನ ಹೆಜ್ಜೆ ಅಗಲವಾಗಲು ಶುರುವಾದದ್ದು ಐವತ್ತೆಂಟಕ್ಕೆ. ದುಂಡಪ್ಪನದು ನಲವತ್ತೊಂಬತ್ತಕ್ಕೆ; ಕೊನೆಕೊನೆಗೆ ಹದಿನಾಲ್ಕು ಬೆರಳು, ಮತ್ತು ಹೆಜ್ಜೆಗಳು ವಿಪರೀತ ಆಳ. ಕಾಲೂರುವುದು ಭಾರವಾಗಿತ್ತು ಎಂದು ಡಾಕ್ಟರು ಬರೆಸಿದರು. ರಾಚಪ್ಪನದು ಚಿಕ್ಕಂದಿನಿಂದ ನಾಲ್ಕೇ ಬೆರಳು. ಮೂವತ್ತಮೂರನೆಯ ವಯಸ್ಸಿನಲ್ಲಿ ಹತ್ತು. ನಾನು ಐದು ಕಡೆ ಅಳೆದೆ. ಹಗ್ಗ ಬದಲಿಸಿ ಅಳೆದೆ. ಹತ್ತೇ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ 'ಶುರು: ಮೂವತ್ತಮೂರು' ಎಂದು ಬರೆದೆ. ಅಕ್ಷರ ಸೊಟ್ಟಗಾಗದಂತೆ ನಿಧಾನವಾಗಿ ಬರೆದದ್ದು ನೆನಪಿದೆ. ಐವತ್ತೆಂಟು, ನಲವತ್ತೊಂಬತ್ತು, ಮೂವತ್ತಮೂರು: ಡಾಕ್ಟರು ಈ ಮೂರು ಸಂಖ್ಯೆಗಳನ್ನು ನಕ್ಷೆಯಲ್ಲಿ ಗುರುತಿಸಿ ಗೆರೆ ಎಳೆದು, ಗೆರೆ ಇಷ್ಟು ಕಡಿದಾಗಿ ಇಳಿಯುವುದನ್ನು ತಾವೆಲ್ಲೂ ಕಂಡಿಲ್ಲವೆಂದರು. ಅವರು ಬರೆಯುತ್ತಿದ್ದ ಪ್ರಬಂಧಕ್ಕೆ ಆ ಗೆರೆಯೇ ಬೆನ್ನೆಲುಬಾಯಿತು.

ಮಜ್ಜಿಗೆ ಕೊಡಲು ಬಂದ ಕಾಶವ್ವ ತೆರೆದಿಟ್ಟ ರಿಜಿಸ್ಟರು ಓದಿದಳು. ತೆರೆದಿಟ್ಟವಳು ನಾನೇ. ಮರುದಿನದಿಂದ ರಾಚಪ್ಪ ಕೋಲು ಹಿಡಿದ. ನಾನು ಜೋಳದ ಡಬ್ಬಿ ಇಟ್ಟಾಗ ಹಿಟ್ಟು ಮುಟ್ಟಿ ನೋಡಲಿಲ್ಲ. ಇನ್ನು ಮೇಲೆ ಬೇರೆ ಗಿರಣಿಗೆ ಹೋಗು, ಸಂಬಂಧ ಬಂದರೆ ಬೇಡವೆನ್ನಬೇಡ ಎಂದು ಗಿರಣಿಯ ಸದ್ದಿನ ನಡುವೆ ಹೇಳಿದ. ಕೇಳಿಸಲಿಲ್ಲವೆಂಬಂತೆ ನಾನು ಬಂದುಬಿಟ್ಟೆ.

ಇದಾಗಿ ಹತ್ತು ದಿನಕ್ಕೆ, ಮಧ್ಯಾಹ್ನ ಚಹಾ ಕುಡಿಯುವಾಗ, ಡಾಕ್ಟರು ತಮ್ಮ ಕಾಗದಗಳಿಂದ ತಲೆಯೆತ್ತಿ ಒಂದು ಪ್ರಶ್ನೆ ಕೇಳಿದರು. "ನೀಲಾಂಬಿಕಾ, ರಾಚಪ್ಪ ಅವರ ಸಾಲಿನಲ್ಲಿ ಒಂದು ಯುಗಾದಿಯ ಬೊಟ್ಟು ಇಲ್ಲವಲ್ಲ? ಅದಕ್ಕೆ ಮೊದಲು ನಾಲ್ಕು ಬೆರಳು, ಆಮೇಲೆ ಒಮ್ಮೆಲೇ ಹತ್ತು. ಈ ಕಾಯಿಲೆ ಇಷ್ಟು ಅವಸರ ಮಾಡಲ್ಲ. ಆ ವರ್ಷ ಅವರು ಊರಲ್ಲಿರಲಿಲ್ವಾ?"

ಇದ್ದರು, ಅದು ಅವರ ಹೆಜ್ಜೆ ವರ್ಷ ಎಂದೆ.

ಹಾಗೆಂದರೇನು ಎಂದು ಅವರು ಕೇಳಿದಾಗಲೇ ನನಗೆ ಹೊಳೆದದ್ದು, ಅವರಿಗೆ ಅದನ್ನು ಹೇಳಿಯೇ ಇಲ್ಲ ಎಂದು. ನೋಡಿ, ನಿಮಗೂ ನಾನು ಇಲ್ಲಿಯವರೆಗೆ ಹೇಳಿಲ್ಲ. ಹೆಣ ಸುಟ್ಟು ಬಂದವರು ಸ್ನಾನ ಮಾಡುತ್ತಾರೆ ಎಂದು ಯಾರು ಯಾರಿಗೆ ಬಿಡಿಸಿ ಹೇಳುತ್ತಾರೆ? ನಮ್ಮಲ್ಲಿ ಅಪ್ಪ ತೀರಿಕೊಂಡರೆ ಹಿರಿಯ ಮಗ ಒಂದು ವರ್ಷ ತುಂಬುವವರೆಗೆ ಅಪ್ಪನ ಹೆಜ್ಜೆಯಲ್ಲಷ್ಟೇ ಕಾಲಿಡಬೇಕು. ಮಣ್ಣಿನ ಮೇಲೆ ತನ್ನದೊಂದೂ ಹೊಸ ಹೆಜ್ಜೆ ಮೂಡಿಸಬಾರದು. ಗಿರಣಿಗೆ, ಬಾವಿಗೆ, ಸಂತೆಗೆ, ಎಲ್ಲಕ್ಕೂ ಅಪ್ಪ ಕೊನೆಯ ವರ್ಷಗಳಲ್ಲಿ ಹೋದ ಸಾಲಿನಲ್ಲೇ ಹೋಗಿ ಬರಬೇಕು. ಒಳ್ಳೆಯ ನಡಿಗೆಯವರ ಮಕ್ಕಳಿಗೆ ಅದೇನೂ ಕಷ್ಟವಲ್ಲ. ರಾಚಪ್ಪ ಹದಿನಾಲ್ಕು ಬೆರಳಗಲದ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆದುಕೊಂಡು ಹೋಗುವ ಹೆಜ್ಜೆಗಳಲ್ಲಿ ಒಂದು ವರ್ಷ ಕಾಲಿಟ್ಟು ನಡೆದಿದ್ದ. ಅಪ್ಪನ ಹಾಗೆ ವಾಲದಿದ್ದರೆ ಮುಂದಿನ ಹೆಜ್ಜೆಗೆ ಕಾಲು ನಿಲುಕುತ್ತಿರಲಿಲ್ಲ. ದುಂಡಪ್ಪನ ಹೆಜ್ಜೆ ಅಷ್ಟು ಆಳವಾಗಿದ್ದದ್ದು ಭಾರವಾಗಿ ಊರಿದ್ದಕ್ಕಲ್ಲ. ಅದು ಇಬ್ಬರ ಭಾರ.

ಡಾಕ್ಟರು ಬಟ್ಟಲನ್ನು ಕೆಳಗಿಟ್ಟರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಪ್ರಬಂಧದ ಹಾಳೆ ತೆಗೆದು, ಮೂವತ್ತಮೂರು ಎಂಬುದನ್ನು ಹೊಡೆದು ಹಾಕಿ, ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದರು. ಆಮೇಲೆ ಊರಿನಲ್ಲಿ ಅಪ್ಪ ಸತ್ತ ಎಷ್ಟು ಮನೆಗಳನ್ನು ನಾವು ಅಳೆದಿದ್ದೇವೆಂದು ಕೇಳಿದರು. ನಲವತ್ತೊಂದು ಎಂದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಕೇಳದೆ ಇದ್ದದ್ದು ತಮ್ಮದೇ ತಪ್ಪು ಎಂದರು. ಅದು ಅವರ ದೊಡ್ಡತನ. ತಪ್ಪು ಯಾರದೆಂದು ನನಗೆ ಗೊತ್ತು.

ರಾಚಪ್ಪನನ್ನು ಕರೆಸಿ ಪರೀಕ್ಷಿಸಿದರು. ಬೆರಳಿನಿಂದ ಮೂಗು ಮುಟ್ಟಿಸಿದರು, ಕಣ್ಣಾಡಿಸಲು ಹೇಳಿದರು, ನಾಲಗೆಗೆ ತೊಡಕಾಗುವ ಮಾತುಗಳನ್ನು ಹೇಳಿಸಿದರು. ಎಲ್ಲವೂ ಸರಿಯಿತ್ತು. ನಡಿಗೆಯೊಂದೇ ಅಗಲ. ಮೈ ಕಲಿತ ರೂಢಿಯಿರಬಹುದು, ಮೊದಲ ಚಿಹ್ನೆಯೂ ಇರಬಹುದು, ಬರೀ ನೋಡಿ ಹೇಳಲಾರೆ ಎಂದರು. ಅವನು ಹೋದ ಮೇಲೆ ನಾನು ತಡೆಯಲಾರದೆ, ಡಾಕ್ಟರೇ, ರಕ್ತದ ಕಾಗದ ನಿಮ್ಮ ಪೆಟ್ಟಿಗೆಯಲ್ಲೇ ಇದೆಯಲ್ಲ ಎಂದೆ.

"ಇದೆ. ನಿಮಗೆ ಹೇಳೋ ಹಾಗಿಲ್ಲ. ಅವರು ಕೇಳದೆ ಅವರಿಗೂ ಹೇಳೋ ಹಾಗಿಲ್ಲ." ಗೋಡೆ ನೋಡುತ್ತಲೇ ಅಂದರು. "ನೀವು ನನ್ನ ಮುಖ ನೋಡೋದನ್ನ ಬಿಡಬೇಕು, ನೀಲಾಂಬಿಕಾ. ನನಗೂ ಕಷ್ಟ ಆಗುತ್ತೆ."

ಆ ಸಂಜೆಯೇ ಗಿರಣಿಗೆ ಹೋದೆ. ಗಿರಾಕಿಗಳು ಹೋಗುವವರೆಗೆ ಚೀಲಗಳ ಪಕ್ಕ ನಿಂತಿದ್ದೆ. ಅವನು ಪಟ್ಟಿ ಕಳಚಿ ಕಲ್ಲು ನಿಲ್ಲಿಸಿದ ಮೇಲೆ, ರಿಜಿಸ್ಟರಿನಲ್ಲಿ ಹಾಗೆ ಬರೆದವಳು ನಾನು, ಅದನ್ನು ತೆರೆದಿಟ್ಟವಳೂ ನಾನು ಎಂದೆ.

"ತಪ್ಪು ಬರದೀನಿ, ರಾಚಪ್ಪ."

"ಏನ್ ತಪ್ಪು? ನಾ ಜೋಲಿ ಹೊಡೀತಿಲ್ಲಂತಿ?"

"ಹೊಡೀತಿ. ಆದ್ರ ಅದು ನಿಮ್ಮಪ್ಪನ ಹೆಜ್ಜಿ ಇರಬಹುದು. ಒಂದು ವರ್ಷ ತುಳದಿ."

ಅವನು ಕೈಯ ಹಿಟ್ಟು ಕೊಡವಿದ. "ಇರಬಹುದು ಅನ್ನೂದೊಂದನ್ನ ಇಟ್ಕೊಂಡು ಹನ್ನೆರಡು ವರ್ಷ ಕೂತೀನಿ. ನೀ ಇನ್ನೊಂದು ಇರಬಹುದು ತಂದಿ. ಎಲ್ಲಿ ಇಡ್ಲಿ?"

ಹಾಗಾದರೆ ಡಾಕ್ಟರ ಹತ್ತಿರ ಹೋಗಿ ಕಾಗದ ಕೇಳು ಎಂದೆ. ಅವನು ಚೀಲದ ಮೇಲೆ ಕೂತ. ಎರಡು ತಿಂಗಳಿಂದ ದಿನಾ ಅಲ್ಲಿಯವರೆಗೆ ಬಂದು ಬಾಗಿಲಿನಿಂದ ವಾಪಸಾಗುತ್ತಿದ್ದೇನೆಂದ. ಅದು ನನಗೆ ಗೊತ್ತಿತ್ತು, ಬಾಗಿಲ ಮುಂದಿನ ಹೆಜ್ಜೆ ನೋಡಿದ್ದೆ. ಜೋಲಿ ಬಂದರೆ ಒಂದು ದಿನ ಬರಲಿ, ಇವತ್ತೇ ಬಂದು ಮನೆಯಲ್ಲಿ ಕೂರುವುದು ಬೇಡ ಎಂದ. ಅಪ್ಪನಿಗೆ ಕಾಯಿಲೆ ಇಪ್ಪತ್ತು ವರ್ಷ ಮೊದಲೇ ಗೊತ್ತಾಗಿದ್ದರೆ ಅಪ್ಪ ತನ್ನನ್ನು ಹೆಗಲ ಮೇಲೆ ಹೊತ್ತು ಸಂತೆ ಸುತ್ತಿಸುತ್ತಿರಲಿಲ್ಲ, ಬೀಳಿಸುವ ಹೆದರಿಕೆಯಿಂದ ನೆಲಕ್ಕೇ ಇಳಿಸಿಬಿಡುತ್ತಿದ್ದ ಎಂದ. ನಾನು ಕೇಳಿದ್ದು ಒಂದೇ: ಅಗಸಿಯಾಚೆ ಹೋಗಿ ನಡೆದು ನೋಡೋಣವೇ?

ಅಗಸಿ ದಾಟಿ ಹಳ್ಳ ಇಳಿದು ಹತ್ತಿದರೆ ಎಲ್ಲ ಊರುಗಳಂಥದೇ ಮಣ್ಣು. ಇಟ್ಟ ಹೆಜ್ಜೆಯನ್ನು ಗಾಳಿ ಒಯ್ಯುತ್ತದೆ. ನಮ್ಮವರು ಅತ್ತ ಹೆಚ್ಚು ಹೋಗುವುದಿಲ್ಲ. ಹೋಗಿ ಬಂದರೂ ಹೋಗಿಯೇ ಇಲ್ಲ ಅನ್ನಿಸುತ್ತದಂತೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅಲ್ಲಿ ನಡೆದೆವು. ಅವನು ಕೋಲನ್ನು ಹಳ್ಳದ ದಂಡೆಯಲ್ಲೇ ಬಿಟ್ಟಿದ್ದ. ಹನ್ನೆರಡು ವರ್ಷದ ಮೇಲೆ ಅವನ ಪಕ್ಕದಲ್ಲಿ ನಡೆಯುತ್ತಿದ್ದೆ. ಅವನ ಅಂಗಿಯ ಹಿಟ್ಟಿನ ವಾಸನೆ, ಜಾಲಿ ಹೂವಿನ ವಾಸನೆ. ಮಾತಾಡಬೇಕೆಂದಿದ್ದು ನೂರಿತ್ತು.

"ಎಷ್ಟು?" ಎಂದ ಅವನು, ಇದ್ದಕ್ಕಿದ್ದಂತೆ.

"ಏನ್ ಎಷ್ಟು?"

"ಬೆರಳು."

ಸುಳ್ಳು ಹೇಳಬಹುದಿತ್ತು. "ಎಂಟು," ಎಂದೆ.

ಅವನು ನಕ್ಕ. ಸಿಟ್ಟಿನ ನಗುವಲ್ಲ. "ಹಗ್ಗ ಮನ್ಯಾಗ ಬಿಟ್ಟು ಬಂದ್ರೂ ಎಣಸಿ ಬಿಟ್ಟಿ. ನಾಳೆ ನಿನ್ನ ಕೂಡ ಬಾಳೇ ಮಾಡಿದ್ರ, ನೀರು ತರಾಕ ಎದ್ರ ಎಣಸ್ತಿ. ಉಣ್ಣಾಕ ಬಂದ್ರ ಎಣಸ್ತಿ. ಒಂದು ಬೆರಳು ಹೆಚ್ಚಾದ ದಿನ ನಂಗಿಂತ ಮೊದ್ಲ ನಿಂಗ ತಿಳೀತೈತಿ. ಆವತ್ತು ನಿನ್ನ ಮಾರಿ ನೋಡ್ಕೊಂತ ನಾ ಹೆಂಗ ಉಣ್ಲಿ, ನೀಲಾ?"

ನಾನು ಅಳುತ್ತಿದ್ದೆನೆಂದು ಕಾಣುತ್ತದೆ. ಅವನು ಮುಂದೆ ಹೇಳಿದ್ದು ಮೆಲ್ಲಗೆ. "ನಾ ಹೆಂಗ ನಡೀತೀನಿ ಅನ್ನೂದು ನಿಂಗ ಗೊತ್ತಿಲ್ಲದ ದಿನ ಬಂದು ಹೇಳು. ಆವತ್ತು ಕೇಳ್ತೀನಿ, ಕೇಳಬೇಕಾದದ್ದು."

ಆ ತಿಂಗಳೇ ಅವನು ಗಿರಣಿಯನ್ನು ಅಕ್ಕ ಭಾವನಿಗೆ ವಹಿಸಿ, ಹಳ್ಳದಾಚೆಯ ವಸತಿಯಲ್ಲಿ ಒಂದು ಚಿಕ್ಕ ಗಿರಣಿ ಹಾಕಿಕೊಂಡ. ಕಾಶವ್ವ ಓಣಿಯಲ್ಲಿ ನಿಂತು ನನ್ನನ್ನು ಬೈದಳು, ಬೈದ ಮೇಲೆ ನನ್ನ ಕೈಯಲ್ಲೇ ಅವನಿಗೆ ರೊಟ್ಟಿ ಕಟ್ಟಿ ಕಳಿಸಿದಳು. ಡಾಕ್ಟರು ನಲವತ್ತೊಂದು ಮನೆಗಳನ್ನು ಮತ್ತೆ ಅಳೆಸಿದರು. ಹೆಜ್ಜೆ ವರ್ಷವನ್ನು ಬಿಟ್ಟು ಲೆಕ್ಕ ಹಾಕಿದಾಗ ಆ ಕಡಿದಾದ ಗೆರೆ ಉಳಿಯಲಿಲ್ಲ. ಸಾಧಾರಣ ಇಳಿಜಾರಿನ ಒಂದು ಗೆರೆ ಉಳಿಯಿತು. ಅದೇ ನಿಜ, ನಿಜ ಸಿಕ್ಕಿತಲ್ಲ ಎಂದು ಅವರು ಹೇಳಿದರು. ಹೇಳುವಾಗ ಸ್ವಲ್ಪ ದಣಿದಿದ್ದರು. ಪೆಟ್ಟಿಗೆಗಳನ್ನು ಕಟ್ಟಿಕೊಂಡು, ನನ್ನ ತಲೆ ಮೇಲೆ ಕೈಯಿಟ್ಟು, ತಮ್ಮ ಊರಿಗೆ ಹೋದರು. ನಾನು ಅಳತೆಯ ಕೆಲಸ ಬಿಟ್ಟು ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಬರೆಸುತ್ತೇನೆ.

ಕೆಲಸ ಬಿಡುವುದು ಸುಲಭ, ಕಣ್ಣಿಗೆ ಬಿಡಿಸುವುದು ಕಷ್ಟ. ಪ್ರತಿ ಭಾನುವಾರ ಬೆಳಿಗ್ಗೆ ಹಳ್ಳ ದಾಟಿ ಹೋಗುತ್ತೇನೆ. ವಸತಿಯಿಂದ ಜಾಲಿ ಮರಗಳವರೆಗೆ ನಡೆದು ಬರುತ್ತೇವೆ. ಅವನ ಕಾಲು ಕಾಣಬಾರದೆಂದು ನಾನು ಮುಂದೆ, ಅವನು ಹಿಂದೆ. ಮೊದಮೊದಲು ಎಳೆಬಿಸಿಲಲ್ಲಿ ನನ್ನ ಪಕ್ಕಕ್ಕೆ ಚಾಚಿದ ಅವನ ನೆರಳನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ನೆರಳು ನೋಡಬ್ಯಾಡ ಎಂದು ಅವನು ಹಿಂದಿನಿಂದ ಹೇಳುತ್ತಿದ್ದ. ಅದನ್ನು ಬಿಟ್ಟೆ. ಆಮೇಲೆ ಕಿವಿ ಎಣಿಸತೊಡಗಿತು, ಯಾವ ಕಾಲು ತಡವಾಗಿ ಬೀಳುತ್ತದೆ, ಎಲ್ಲಿ ಎಳೆಯುತ್ತದೆ ಎಂದು. ಅದನ್ನು ಮುಚ್ಚಲು ನಾನು ದಾರಿಯುದ್ದಕ್ಕೂ ಮಾತಾಡತೊಡಗಿದೆ: ಶಾಲೆಯ ಮಕ್ಕಳು, ಕಾಶವ್ವನ ಜಗಳ, ಹೆಡ್‌ಮಾಸ್ತರರ ಕೆಮ್ಮು, ಏನು ಸಿಕ್ಕರೆ ಅದು. ಹನ್ನೆರಡು ವರ್ಷದ್ದು ಈಗ ಆಡಿ ತೀರಿಸ್ತಿ ಏನು ಎಂದು ಅವನು ಕೇಳಿದ. ಹೌದೆಂದೆ. ಹೀಗೆ ಎರಡು ವರ್ಷವಾಯಿತು. ವಸತಿಯಲ್ಲಿ ಅವನು ನನಗೆ ಚಹಾ ಕೊಡುವಾಗಲೂ ನಾನು ಬೀಸುವ ಕಲ್ಲಿನ ಕಡೆ ನೋಡುತ್ತೇನೆ. ಡಾಕ್ಟರಿಗೆ ಗೋಡೆ ನೋಡುವುದು ಎಷ್ಟು ಕಷ್ಟವಾಗಿತ್ತೆಂದು ಈಗ ತಿಳಿಯುತ್ತದೆ.

ಹೋದ ಭಾನುವಾರ ಹಿಂದಕ್ಕೆ ಬಂದು ಹಳ್ಳ ಇಳಿಯುವಾಗ ನಾನು ಒಮ್ಮೆಲೇ ನಿಂತೆ. ಅವತ್ತು ದಾರಿಯಲ್ಲಿ ನಾವು ನಡುನಡುವೆ ಸುಮ್ಮನಿದ್ದೆವು, ಹಕ್ಕಿಯೊಂದು ಕೂಗಿತ್ತು, ಅವನು ಏನೋ ಗುನುಗಿದ್ದ. ಅವನ ಕಾಲಿನ ಸದ್ದು ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಹಿಂದಿನ ವಾರದ್ದು ನೆನಪಿಸಿಕೊಂಡೆ, ಅದೂ ಬರಲಿಲ್ಲ.

ಹಾಗಾಗಿ ನನಗೆ ಗೊತ್ತಿಲ್ಲದ್ದನ್ನು ಇಲ್ಲಿ ಹೇಳಿ ಮುಗಿಸುತ್ತೇನೆ. ಡಾಕ್ಟರ ಪೆಟ್ಟಿಗೆಯ ಕಾಗದದಲ್ಲಿ ಯಾವ ಸಂಖ್ಯೆಯಿತ್ತೋ ಗೊತ್ತಿಲ್ಲ. ಅವನ ಕಾಲನ್ನು ಅಗಲ ಮಾಡಿದ್ದು ಅಪ್ಪನ ರಕ್ತವೋ ಅಪ್ಪನ ಹೆಜ್ಜೆಯೋ ಗೊತ್ತಿಲ್ಲ. ಈಗ ಅವನು ಹೇಗೆ ನಡೆಯುತ್ತಾನೋ, ಅದೂ ನನಗೆ ಗೊತ್ತಿಲ್ಲ. ಇದನ್ನು ಬರುವ ಭಾನುವಾರ ಅವನಿಗೆ ಹೇಳಬೇಕೆಂದಿದ್ದೇನೆ. ಹೇಳಿದ ಮೇಲೆ ಅವನು ಕೇಳಬೇಕಾದದ್ದನ್ನು ಕೇಳುತ್ತಾನೋ ಇಲ್ಲವೋ, ಗೊತ್ತಿಲ್ಲ.